ಸೆಕೆಂಡಿಗೆ ಸಾವಿರದ ಇನ್ನೂರು

ಅಪ್ಪನನ್ನು ಫಾರ್ಮುಲಾ ಒನ್ ರೇಸಿಗೆ ಕರೆದುಕೊಂಡು ಹೋಗಬೇಕೆಂದು ನಾನು ತೀರ್ಮಾನಿಸಿದ್ದು ಅವನ ಕಿವಿ ಪರೀಕ್ಷೆಯ ರಿಪೋರ್ಟು ಕೈಗೆ ಬಂದ ದಿನ.

ಅದು 2011ರ ಜುಲೈ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅಪ್ಪನದು ಸಣ್ಣ ಗ್ಯಾರೇಜು. ನಾಲ್ಕು ದಶಕ ಅವನು ಬಿಚ್ಚಿ ಜೋಡಿಸಿದ್ದು ಬಹುಪಾಲು ಜಾವಾ ಮತ್ತು ಯೆಜ್ಡಿ ಬೈಕುಗಳನ್ನೇ. ಅವು ನಮ್ಮೂರಲ್ಲೇ ತಯಾರಾಗುತ್ತಿದ್ದ ಗಾಡಿಗಳು. ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಗಾಡಿಗಳು ಓಡುತ್ತಲೇ ಇದ್ದವು, ಅವುಗಳ ಹಿಂದೆ ಅಪ್ಪನ ಗ್ಯಾರೇಜೂ ಓಡುತ್ತಿತ್ತು. ಬೀದಿಯ ತಿರುವಿನಲ್ಲಿ ಗಾಡಿ ಇನ್ನೂ ಕಣ್ಣಿಗೆ ಬೀಳುವ ಮೊದಲೇ, "ಬರ್ತಾ ಇದಾನೆ ನೋಡು, ರಿಂಗ್ ಹೋಗಿದೆ" ಎಂದುಬಿಡುತ್ತಿದ್ದ. ಗಿರಾಕಿ ಬಂದು ಇಳಿದು, "ಅಣ್ಣಾ, ಪಿಕಪ್ ಇಲ್ಲ" ಅನ್ನುವಷ್ಟರಲ್ಲಿ ಇವನು ಹಳೇ ರಿಂಗು ತೆಗೆಯಲು ಪಾನಾ ಹುಡುಕುತ್ತಿರುತ್ತಿದ್ದ.

ಆ ವರ್ಷ ಬೇಸಿಗೆಯಲ್ಲಿ ರಜೆಗೆ ಹೋದಾಗ ಒಂದು ವಿಚಿತ್ರ ಕಂಡೆ. ಅಪ್ಪ ಪ್ರತಿ ಗಾಡಿಗೂ ಉದ್ದನೆಯ ಸ್ಕ್ರೂಡ್ರೈವರ್ ಹಿಡಿಯುತ್ತಿದ್ದ. ಎಂಜಿನ್ನಿನ ಮೈಗೆ ಅದರ ತುದಿ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಆನಿಸಿ ಕೇಳುವುದು ಮೆಕ್ಯಾನಿಕ್‌ಗಳ ಹಳೇ ಉಪಾಯ. ಒಳಗಿನ ಬೇರಿಂಗು ಗೊರಗೊರ ಅನ್ನುವುದು ಲೋಹದ ಮೂಲಕ ನೇರ ತಲೆಗೆ ಬರುತ್ತದೆ. ಆದರೆ ಅಪ್ಪ ಅದನ್ನು ಬಳಸುತ್ತಿದ್ದದ್ದು ಅಪರೂಪಕ್ಕೆ, ಡಾಕ್ಟರು ಸ್ಕ್ಯಾನಿಂಗಿಗೆ ಬರೆದುಕೊಟ್ಟ ಹಾಗೆ. ಈಗ ಬರೀ ಚೈನು ಸಡಿಲವಾಗಿದ್ದಕ್ಕೂ ಸ್ಕ್ರೂಡ್ರೈವರ್ ಬೇಕಾಗಿತ್ತು. ಒಂದು ಗಾಡಿ ಒಂದೇ ತಕರಾರಿಗೆ ಎರಡು ಸಲ ವಾಪಸು ಬಂತು. ಮೂರನೇ ಸಲ ಅಪ್ಪ, "ನೀನೇ ಕೇಳಿ ನೋಡೋ" ಎಂದು ಕೆಲಸದ ಹುಡುಗನನ್ನು ಮುಂದೆ ಬಿಟ್ಟ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ. ಅಪ್ಪ ನನ್ನ ಕಡೆ ನೋಡಲಿಲ್ಲ.

ಪರೀಕ್ಷೆ ಮಾಡಿಸಲು ಎರಡು ತಿಂಗಳು ಕಾಡಬೇಕಾಯಿತು. ರಿಪೋರ್ಟಿನಲ್ಲಿ ಒಂದು ನಕ್ಷೆ. ಎಡದಿಂದ ಬಲಕ್ಕೆ 250, 500, 1000, 2000, 4000, 8000 ಎಂದು ಸದ್ದಿನ ಕಂಪನಾಂಕಗಳು. ಅಪ್ಪನ ಗೆರೆ 2000ದವರೆಗೆ ಸುಮಾರಾಗಿ ನೆಟ್ಟಗೆ ಬಂದು ಅಲ್ಲಿಂದಾಚೆ ಮೆಟ್ಟಿಲು ತಪ್ಪಿದವರ ಹಾಗೆ ಕೆಳಕ್ಕೆ ಬಿದ್ದಿತ್ತು. ಸದ್ದಿನಲ್ಲಿ ದುಡಿದವರ ಕಿವಿ ಹೀಗೇ ಹೋಗುವುದಂತೆ. ಮೊದಲು ಸವೆಯುವುದು 4000ದ ಆಸುಪಾಸು. 'ಸ', 'ಶ', 'ತ' ಮಸುಕಾಗುತ್ತವೆ. ಮಾತು ಕೇಳುತ್ತದೆ, ಏನೆಂದರೆಂದು ತಿಳಿಯುವುದಿಲ್ಲ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಪ್ಪ ಕೇಳಿಸಿದಂತೆ ತಲೆಯಾಡಿಸಿದ.

ಅವನ ಬದುಕಿನಲ್ಲಿ ಆಗದೆ ಉಳಿದ ಒಂದು ಮಾತು ನನಗೆ ಗೊತ್ತಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಅವನು ಗೆಳೆಯನ ಜೊತೆ ಯೆಜ್ಡಿಯಲ್ಲಿ ಮೈಸೂರಿನಿಂದ ಹೊರಟು, ಕೋಲಾರ, ಮುಳಬಾಗಿಲು, ಚಿತ್ತೂರು ದಾಟಿ ಮದ್ರಾಸಿನ ಆಚೆಯ ಷೋಳಾವರಂಗೆ ಹೋಗಿದ್ದ. ಎರಡನೇ ಮಹಾಯುದ್ಧದ ಕಾಲದ ವಿಮಾನದ ಪಟ್ಟಿ ಅದು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ಫೆಬ್ರವರಿಯಲ್ಲಿ ರೇಸು ನಡೆಸುತ್ತಿದ್ದರು. ಬಿಸಿಲು, ಧೂಳು, ಎರಡು ದಿನದ ಚಿತ್ರಾನ್ನ, ಪೆಟ್ರೋಲಿನಲ್ಲಿ ಬೆಂದ ಎಣ್ಣೆಯ ವಾಸನೆ: ನನ್ನ ಬಾಲ್ಯದಲ್ಲಿ ರಾಮಾಯಣಕ್ಕಿಂತ ಹೆಚ್ಚು ಸಲ ಕೇಳಿದ ಕಥೆ. "ನೀನು ದೊಡ್ಡವನಾಗು, ಕರ್ಕೊಂಡು ಹೋಗ್ತೀನಿ" ಅನ್ನುತ್ತಿದ್ದ. ನಾನು ದೊಡ್ಡವನಾಗುವಷ್ಟರಲ್ಲಿ ರೇಸು ಶ್ರೀಪೆರಂಬುದೂರಿನ ಹೊಸ ಟ್ರ್ಯಾಕಿಗೆ ಹೋಯಿತು, ನನ್ನ ಫೀಸು ಹೆಚ್ಚಾಯಿತು, ಅಪ್ಪನ ಭಾನುವಾರಗಳೂ ಗ್ಯಾರೇಜಿಗೇ ಹೋದವು.

ಅದೇ ವರ್ಷ ಅಕ್ಟೋಬರ್ 28ರಿಂದ 30ರವರೆಗೆ ಗ್ರೇಟರ್ ನೋಯ್ಡಾದಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಗ್ರ್ಯಾಂಡ್ ಪ್ರಿ ಎಂದು ಪ್ರಕಟವಾಗಿತ್ತು. ನಾನು ಬೆಂಗಳೂರಿನ ಆಫೀಸಿನಲ್ಲಿ ಕೂತು ಒಂದು ಎಕ್ಸೆಲ್ ಹಾಳೆ ತೆರೆದೆ.

ಮೊದಲ ತೊಡಕು ನನ್ನೊಳಗಿನದೇ. ಅಕ್ಟೋಬರ್ 30ರ ಭಾನುವಾರವೇ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡದ ಸಂಗೀತ ಕಛೇರಿ. ಹಾಸ್ಟೆಲಿನ ನಾಲ್ಕು ವರ್ಷ ನಾವು ಕಾದಿದ್ದ ದಿನ ಅದು. ಗೆಳೆಯರು ನನಗೂ ಸೇರಿಸಿ ಟಿಕೆಟ್ ತೆಗೆಯಲು ಹೊರಟಿದ್ದರು. ಒಂದು ವಾರ ಉತ್ತರ ಕೊಡಲಿಲ್ಲ. ರೇಸು ಮುಂದಿನ ವರ್ಷವೂ ಇರುತ್ತದಲ್ಲ, ಅಪ್ಪನನ್ನು ಆಗ ಕರೆದೊಯ್ದರಾಯಿತು ಎಂದು ಒಂದು ಮನಸ್ಸು. ಆಗೆಲ್ಲ ಆ ನಕ್ಷೆಯ ಗೆರೆ ಕಣ್ಣಿಗೆ ಬರುತ್ತಿತ್ತು. ಮುಂದಿನ ವರ್ಷ ಅದು ಎಲ್ಲಿಂದ ಬೀಳಲು ಶುರುವಾಗುತ್ತದೋ ಯಾರು ಕಂಡವರು. ಗೆಳೆಯರಿಗೆ ಇಲ್ಲ ಎಂದೆ. "ಲೋ, ನಿಮ್ಮಪ್ಪಂಗೆ ಹೆಂಗೂ ಕಿವಿ ಕೇಳಲ್ವಲ್ಲೋ" ಅಂದನೊಬ್ಬ. ಅವನು ಕೆಟ್ಟವನಲ್ಲ. ಆದರೂ ಆ ಮಾತು ಬಹಳ ದಿನ ಚುಚ್ಚಿತು.

ಎರಡನೆಯದು ದಾರಿ. 26ಕ್ಕೆ ದೀಪಾವಳಿ, ಮರುದಿನ ಬಲಿಪಾಡ್ಯಮಿ. ಹಬ್ಬ ಬಿಟ್ಟು ಹೊರಟರೆ ಅಮ್ಮ ಹೊಸ್ತಿಲು ದಾಟಲು ಬಿಡುವುದಿಲ್ಲ. 27ರ ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ಎರಡು ರಾತ್ರಿ ಕಳೆದು ಶನಿವಾರ ಬೆಳಗ್ಗೆ ದೆಹಲಿ. ಅಂದು ಮಧ್ಯಾಹ್ನವೇ ಕ್ವಾಲಿಫೈಯಿಂಗ್. ರೈಲು ಮೂರು ಗಂಟೆ ತಡವಾದರೆ ಅದು ಕೈಬಿಟ್ಟಂತೆ. ಕೊನೆಗೆ ಹೋಗುವುದು ಶುಕ್ರವಾರದ ವಿಮಾನದಲ್ಲಿ, ಬರುವುದು ಸೋಮವಾರದ ರೈಲಿನಲ್ಲಿ ಎಂದಾಯಿತು. ನೋಯ್ಡಾದಲ್ಲಿ ಕೆಲಸಕ್ಕಿದ್ದ ಗೆಳೆಯನ ರೂಮಿನಲ್ಲಿ ಎರಡು ಚಾಪೆ.

ಮೂರನೆಯದು ಸೀಟು. ಇಂಥ ಪ್ರವಾಸ ಯೋಜಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ನಾನು ಏನು ನೋಡಲು ಹೋಗುತ್ತಿದ್ದೇನೆ? ಬುದ್ಧ ಇಂಟರ್‌ನ್ಯಾಷನಲ್ ಸರ್ಕೀಟಿನ ಒಂದು ಸುತ್ತು 5.125 ಕಿಲೋಮೀಟರು, ಹದಿನಾರು ತಿರುವು. ಎಲ್ಲಿ ಕೂತರೂ ಕಾಣುವುದು ಒಂದು ತುಂಡು ಮಾತ್ರ. ಮುಖ್ಯ ಸ್ಟ್ಯಾಂಡಿನಲ್ಲಿ ಕೂತರೆ ಸ್ಟಾರ್ಟು, ಪಿಟ್ಟು, ಬಾವುಟ ಎಲ್ಲ ಕಾಣುತ್ತದೆ, ಆದರೆ ದರ ಹತ್ತಾರು ಸಾವಿರ. ಅತಿ ಅಗ್ಗದ್ದು 2,500 ರೂಪಾಯಿ. ನಾನು ನಡುವೆ ತೂಗುತ್ತಿದ್ದಾಗ ಅಪ್ಪ ಫೋನಿನಲ್ಲಿ, "ಉದ್ದ ರೋಡು ಮುಗಿಯೋ ಕಡೆ ತಗೋ" ಎಂದ. ಮೂರನೇ ತಿರುವಿನಿಂದ ನಾಲ್ಕನೆಯದಕ್ಕೆ ಒಂದು ಕಿಲೋಮೀಟರಿಗೂ ಹೆಚ್ಚಿನ ನೇರ ದಾರಿ. ಅದರ ಕೊನೆಯಲ್ಲಿ ಕಾರುಗಳು ಗಂಟೆಗೆ ಮುನ್ನೂರು ದಾಟಿದ ವೇಗದಿಂದ ಒಮ್ಮೆಗೇ ಬ್ರೇಕು ಹಾಕಿ ಗೇರು ಇಳಿಸಬೇಕು. "ಗೇರು ಇಳಿಸ್ವಾಗ್ಲೇ ಕಣೋ ಎಂಜಿನ್ನು ಮಾತಾಡೋದು."

ನಾಲ್ಕನೆಯ ತೊಡಕು ಉಳಿದೆಲ್ಲಕ್ಕಿಂತ ದೊಡ್ಡದು. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಹೋಗುವುದಾದರೆ ಇಯರ್‌ಮಫ್ ಹಾಕಿಕೊಂಡೇ ಕೂರಬೇಕು. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ಸದ್ದೇ ಕಿವಿಯನ್ನು ಕೆಡಿಸಬಲ್ಲದು. ರೇಸ್ ಕಾರಿನದು ಅದರ ಎಷ್ಟೋ ಮೇಲೆ. ಇದನ್ನು ಹೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದ.

"ಕೇಳೋಕೆ ಅಂತ ಹೋಗಿ ಕಿವಿ ಮುಚ್ಕೊಂಡು ಕೂರೋದಾ?"

ನನ್ನ ಹಾಳೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಆ ತಿಂಗಳ ಕೊನೆಗೆ ಊರಿಗೆ ಹೋದಾಗ ಅಪ್ಪ ಊಟವಾದ ಮೇಲೆ ಕನ್ನಡಕ ಹಾಕಿಕೊಂಡು, ಹರಿದ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಪೆನ್ಸಿಲ್ ಹಿಡಿದ. "ಆ ಕಾರಿಂದು ಎಷ್ಟು ಸಿಲಿಂಡರು?" ಎಂಟು, ಅಂದೆ. "ಎಷ್ಟು ಸುತ್ತು?" ನಿಮಿಷಕ್ಕೆ ಹದಿನೆಂಟು ಸಾವಿರದ ಮಿತಿ, ಅಂದೆ. ಅವನು ನಂಬಲಿಲ್ಲ, ಎರಡು ಸಲ ಹೇಳಿಸಿದ. ಆಮೇಲೆ ಬರೆದ. ನಮ್ಮ ಯೆಜ್ಡಿ ಟೂ ಸ್ಟ್ರೋಕು, ಒಂದೇ ಸಿಲಿಂಡರು, ಸುತ್ತಿಗೊಂದು ಕಿಡಿ. ಐದು ಸಾವಿರಕ್ಕೆ ಓಡಿದರೆ ಸೆಕೆಂಡಿಗೆ 83. ಇದು ಫೋರ್ ಸ್ಟ್ರೋಕು, ಎಂಟು ಸಿಲಿಂಡರು, ಸುತ್ತಿಗೆ ನಾಲ್ಕು ಕಿಡಿ. ಸೆಕೆಂಡಿಗೆ ಮುನ್ನೂರು ಸುತ್ತು. ನಾಲ್ಕು ಮುನ್ನೂರಲಿ ಸಾವಿರದ ಇನ್ನೂರು.

1200ರ ಕೆಳಗೆ ಎರಡು ಗೆರೆ ಎಳೆದು, ಒಳಗೆ ಹೋಗಿ, ಕಬ್ಬಿಣದ ಪೆಟ್ಟಿಗೆಯಿಂದ ಆ ರಿಪೋರ್ಟು ತಂದ. ಮನೆಗೆ ತಂದ ದಿನದಿಂದ ಅದನ್ನವನು ಮುಟ್ಟಿದ್ದನ್ನೇ ನಾನು ಕಂಡಿರಲಿಲ್ಲ. ನಕ್ಷೆಯಲ್ಲಿ 1000 ಮತ್ತು 2000ದ ನಡುವೆ, ಗೆರೆ ಇನ್ನೂ ನೆಟ್ಟಗಿರುವ ಜಾಗದಲ್ಲಿ, ಎಣ್ಣೆಯ ಕಪ್ಪು ಕೂತ ಉಗುರಿಟ್ಟ.

"ಇಲ್ಲಿ ಬರುತ್ತೆ. ಇದು ನಂಗೆ ಕೇಳುತ್ತೆ."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಖರ್ಚಿನ ಬಗ್ಗೆ ಅಲ್ಲಿಯವರೆಗೆ ದಿನಾ ಗೊಣಗುತ್ತಿದ್ದವಳು, "ಅಲ್ಲಿ ಮೊಸರನ್ನ ಸಿಗುತ್ತೋ ಇಲ್ವೋ, ಅವಲಕ್ಕಿ ಹುರಿದು ಕಟ್ತೀನಿ" ಎಂದಳು.

ಹೊರಡುವ ಹಿಂದಿನ ರಾತ್ರಿ ಬ್ಯಾಗು ಜೋಡಿಸುವಾಗ ಅವಲಕ್ಕಿ ಡಬ್ಬಿಯ ಅಡಿಯಲ್ಲಿ ಆ ಉದ್ದನೆಯ ಸ್ಕ್ರೂಡ್ರೈವರ್ ಸಿಕ್ಕಿತು. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ, ಸ್ಟ್ಯಾಂಡಿನ ಗೇಟಿನಲ್ಲೂ ಬಿಡುವುದಿಲ್ಲ ಎಂದು ತೆಗೆದಿಟ್ಟೆ. ಅಪ್ಪ ಜಗಳ ಮಾಡಲಿಲ್ಲ. ಅದನ್ನು ಯಾಕೆ ಇಟ್ಟುಕೊಂಡಿದ್ದ ಎಂದು ನಾನೂ ಕೇಳಲಿಲ್ಲ.

ಶುಕ್ರವಾರ ಗೆಳೆಯನ ರೂಮು ತಲುಪಿದಾಗ ಟೀವಿಯಲ್ಲಿ ಒಂದೇ ಸುದ್ದಿ: ಮೊದಲ ಅಭ್ಯಾಸದ ವೇಳೆ ಟ್ರ್ಯಾಕಿಗೆ ಬೀದಿನಾಯಿ ನುಗ್ಗಿ ಓಟ ನಿಲ್ಲಿಸಬೇಕಾಯಿತು. ಗೆಳೆಯ ನಾಚಿಕೊಂಡ. ಅಪ್ಪನಿಗೆ ಮಾತ್ರ ಖುಷಿಯೋ ಖುಷಿ. "ಷೋಳಾವರಂನಲ್ಲೂ ಬರ್ತಿತ್ತು" ಎಂದು ನಕ್ಕ. ಆ ನಾಯಿ ಬಂದ ಮೇಲೆ ಅವನಿಗೆ ಇದು ತನ್ನದೇ ರೇಸು ಅನ್ನಿಸಿದಂತಿತ್ತು. ಅಂದು ಗುರುಗ್ರಾಮದಲ್ಲಿ ನಡೆಯಬೇಕಿದ್ದ ಮೆಟಾಲಿಕಾ ಕಛೇರಿ ರದ್ದಾಯಿತೆಂಬ ಸುದ್ದಿಯೂ ಬಂತು. ಬೆಂಗಳೂರಿನದು ಮಾತ್ರ ಭಾನುವಾರ ನಡೆದೇ ನಡೆಯಿತು. ಆ ರಾತ್ರಿ ಗೆಳೆಯರು ಕಳಿಸಿದ ಮೆಸೇಜುಗಳನ್ನು ನಾನು ಮರುದಿನ ಓದಿದೆ.

ಭಾನುವಾರ ರೇಸಿಗೆ ಮೊದಲು ಒಂದು ನಿಮಿಷದ ಮೌನವಿತ್ತು. ಅಕ್ಟೋಬರ್ 16ರಂದು ಲಾಸ್ ವೇಗಸ್‌ನಲ್ಲಿ ಡ್ಯಾನ್ ವೆಲ್ಡನ್, 23ರಂದು ಮಲೇಷ್ಯಾದ ಸೆಪಾಂಗ್‌ನಲ್ಲಿ ಮಾರ್ಕೊ ಸಿಮೊಂಚೆಲ್ಲಿ ರೇಸಿನಲ್ಲೇ ಸತ್ತಿದ್ದರು. "ಯಾರು?" ಎಂದು ಅಪ್ಪ ಸನ್ನೆಯಲ್ಲಿ ಕೇಳಿದ. ಒಬ್ಬ ಬೈಕಿನವನು, ಇನ್ನೂ ಇಪ್ಪತ್ತನಾಲ್ಕು ವರ್ಷ ಎಂದು ಕಿವಿಯ ಬಳಿ ಬಾಗಿ ಹೇಳಿದೆ. ಅವನು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

ಆಮೇಲೆ ಶ್ರವಣ ಯಂತ್ರ ತೆಗೆದು ಅಂಗಿಯ ಜೇಬಿಗೆ ಹಾಕಿ, ಮಾತು ಕೊಟ್ಟಿದ್ದಂತೆ ಇಯರ್‌ಮಫ್ ಏರಿಸಿದ. ಅರವತ್ತು ಸುತ್ತಿನ ರೇಸು ಶುರುವಾಯಿತು. ಬಂದದ್ದು ಸದ್ದು ಎನ್ನುವುದಕ್ಕಿಂತ ಒತ್ತಡ. ಎದೆಯ ಗೂಡಿನೊಳಗೆ ಕೈ ಹಾಕಿದ ಹಾಗೆ. ಮೊದಲ ಸುತ್ತಿಗೆ ಕಾರುಗಳು ಒಟ್ಟಿಗೇ ಬಂದು ನಾಲ್ಕನೇ ತಿರುವಿಗೆ ಗೇರು ಇಳಿಸಿದಾಗ ನಾನು ಟ್ರ್ಯಾಕು ಬಿಟ್ಟು ಅಪ್ಪನನ್ನು ನೋಡಿದೆ. ಅವನು ಮುಂದಕ್ಕೆ ಬಾಗಿ, ಎದುರಿನ ಕಬ್ಬಿಣದ ಕಂಬಿಯ ಮೇಲೆ ಅಂಗೈ ಊರಿ, ಮೊಣಕೈ ಮಡಿಸಿ, ಮುಷ್ಟಿಯನ್ನು ದವಡೆಯ ಮೂಳೆಗೆ ಒತ್ತಿಕೊಂಡಿದ್ದ. ಕಣ್ಣು ಮುಚ್ಚಿತ್ತು. ಗ್ಯಾರೇಜಿನಲ್ಲಿ ಎಂಜಿನ್ನಿನ ಮುಂದೆ ಕೂರುತ್ತಿದ್ದ ಭಂಗಿಯೇ.

ನಾನೂ ಕಂಬಿ ಮುಟ್ಟಿ ನೋಡಿದೆ. ನನಗೆ ಏನೂ ವಿಶೇಷ ಗೊತ್ತಾಗಲಿಲ್ಲ.

ವೆಟೆಲ್ ಗೆದ್ದ, ಬಟನ್ ಎರಡನೆಯವನು, ಅಲೊನ್ಸೊ ಮೂರನೆಯವನು. ನಮ್ಮ ನರೇನ್ ಕಾರ್ತಿಕೇಯನ್ ಹದಿನೇಳನೆಯವನಾಗಿ ಮುಗಿಸಿದ. ಅಪ್ಪನಿಗೆ ಇದ್ಯಾವುದೂ ಬೇಕಿರಲಿಲ್ಲ. ರೈಲಿನಲ್ಲಿ ಎರಡನೇ ರಾತ್ರಿ, ಎದುರಿನ ಬರ್ತಿನಿಂದ, "ಕೇಳಿಸ್ತು" ಎಂದ, ಅಷ್ಟೇ. ಕಿವಿಗೋ ಕೈಗೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

2013ರ ನಂತರ ಆ ರೇಸು ನಮ್ಮ ದೇಶಕ್ಕೆ ಬರಲಿಲ್ಲ. 2014ರಲ್ಲಿ ಎಂಜಿನ್ನುಗಳೂ ಬದಲಾದವು: ಆರು ಸಿಲಿಂಡರು, ಟರ್ಬೊ, ಹದಿನೈದು ಸಾವಿರದ ಮಿತಿ. ಹಳೇ ಸದ್ದು ಹೋಯಿತು ಎಂದು ಜಗತ್ತೆಲ್ಲ ಗೋಳಾಡಿತು. ಫೋನಿನಲ್ಲಿ ಅಪ್ಪನಿಗೆ ಕಿರುಚಿ ಹೇಳಿದೆ. ಒಂದು ನಿಮಿಷ ಮೌನ. ಆ ಕಡೆ ಪೆನ್ಸಿಲ್ ಹುಡುಕುತ್ತಿದ್ದಾನೆ ಎಂದು ಗೊತ್ತಾಯಿತು.

"ಸುತ್ತಿಗೆ ಮೂರು ಕಿಡಿ, ಸೆಕೆಂಡಿಗೆ ಏಳುನೂರ ಐವತ್ತು" ಎಂದ. "ಇನ್ನೂ ಒಳ್ಳೇದೇ ಆಯ್ತು ಬಿಡು. ಈಗ ಹತ್ತಿರದಲ್ಲಿ ಎಲ್ಲಿ ನಡೆಯುತ್ತೆ?"

ನಾನು ಹೊಸ ಹಾಳೆ ತೆರೆದೆ.