ಕಡಲ ಒಡ್ಡು ಮತ್ತು ಎರಡು ಶಕ್ತಿಯ ಕಾರು

ನೆದರ್ಲೆಂಡ್ಸ್ ದೇಶದ ಉತ್ತರದಲ್ಲಿ ಕಡಲನ್ನೇ ತಡೆದು ನಿಲ್ಲಿಸಿದ ಮಹಾ ಒಡ್ಡೊಂದಿದೆ. ಆಫ್ಸ್‌ಲೌಟ್‌ಡೈಕ್ ಎಂಬ ಇದು ಮುಗಿದದ್ದು 1932ರಲ್ಲಿ. ಉದ್ದ ಸುಮಾರು 32 ಕಿಲೋಮೀಟರು. ಒಂದು ಮಗ್ಗುಲಲ್ಲಿ ಉಪ್ಪುನೀರಿನ ಕಡಲು, ಇನ್ನೊಂದರಲ್ಲಿ ಸಿಹಿನೀರಿನ ಸರೋವರ, ನಡುವೆ ನೇರವಾದ ಹೆದ್ದಾರಿ. ನಾಡಿನ ಕಾಲುಭಾಗದಷ್ಟು ನೆಲ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಈ ಜನಕ್ಕೆ, ಭೂಮಿ ಕಾದು ಕಡಲೇರುವುದೆಂಬುದು ದೂರದ ಮಾತಲ್ಲ.

ಅಲ್ಲಿ ಕಂಪನಿಯ ಕಾರನ್ನು ಸ್ವಂತಕ್ಕೂ ಬಳಸುವ ನೌಕರನ ಆದಾಯಕ್ಕೆ ಕಾರಿನ ಬೆಲೆಯ ಒಂದು ಪಾಲನ್ನು ಸೇರಿಸಿ ತೆರಿಗೆ ವಿಧಿಸುತ್ತಾರೆ. ಅತ್ಯಲ್ಪ ಹೊಗೆಯುಗುಳುವ ಹೊಸ ಕಾರುಗಳಿಗೆ 2013ರಲ್ಲಿ ಆ ಪಾಲು ಸೊನ್ನೆಯಾಗಿತ್ತು. 2012ರಲ್ಲಿ ಬಂದ ವೋಲ್ವೊ ವಿ60ರ ಪ್ಲಗ್-ಇನ್ ಮಾದರಿ ಇಂಥದೊಂದು. ಅದರ ಮುಂದಿನ ಗಾಲಿಗಳನ್ನು ಡೀಸೆಲ್ ಎಂಜಿನ್ನೂ ಹಿಂದಿನವನ್ನು ವಿದ್ಯುತ್ ಮೋಟಾರೂ ತಿರುಗಿಸುತ್ತವೆ. ಮನೆಯ ಪ್ಲಗ್ಗಿನಿಂದ ಬ್ಯಾಟರಿ ತುಂಬಿಸಿದರೆ 50 ಕಿಲೋಮೀಟರು ಡೀಸೆಲಿಲ್ಲದೆ ಸಾಗಬಹುದೆಂಬುದು ತಯಾರಕರ ಲೆಕ್ಕ. ಹೆದ್ದಾರಿಯ ವೇಗಕ್ಕೂ ಚಳಿಗೂ ಅದು ಕುಗ್ಗುತ್ತದೆ.

ಆದರೆ ಡೀಸೆಲಿನ ಹಣ ಕೊಡುವುದು ಕಂಪನಿ. ಮನೆಯ ವಿದ್ಯುತ್ತಿನ ಬಿಲ್ಲು ಬರುವುದು ನೌಕರನಿಗೆ. ಹೀಗಾಗಿ ಅನೇಕರು ರಿಯಾಯಿತಿಯನ್ನು ಪಡೆದರು, ತಂತಿಯನ್ನು ಮಾತ್ರ ಡಿಕ್ಕಿಯಿಂದ ಹೊರತೆಗೆಯಲಿಲ್ಲ. ತುಂಬಿಸದ ಬ್ಯಾಟರಿ ಬರಿಯ ಭಾರವಲ್ಲದೆ ಮತ್ತೇನು? ಕೊನೆಗೆ 2017ರಿಂದ ಇಂಥ ಹೊಸ ಕಾರುಗಳಿಗಿದ್ದ ವಿಶೇಷ ರಿಯಾಯಿತಿಯನ್ನು ಸರಕಾರ ನಿಲ್ಲಿಸಿತು.

ಒಡ್ಡನ್ನು ಒಮ್ಮೆ ಕಟ್ಟಿದರೆ ಸಾಲದು, ಅದರ ಕಲ್ಲುಗಳನ್ನು ನಿತ್ಯವೂ ಕಾಯುವವರು ಬೇಕು. ಒಳ್ಳೆಯ ಯಂತ್ರವೂ ಅಷ್ಟೇ: ಪ್ರತಿ ರಾತ್ರಿ ಅದಕ್ಕೆ ತಂತಿ ಜೋಡಿಸುವ ಕೈ ಇಲ್ಲದಿದ್ದರೆ, ಅದರ ಗುಣ ಕಾಗದದ ಮೇಲೆಯೇ ಉಳಿಯುತ್ತದೆ.