ಸುಮ್ಮನೆ ಕೂರಲೊಂದು ಕುರ್ಚಿ

ಪುಣೆ, ಮುಂಬೈ, ಹೈದರಾಬಾದುಗಳಲ್ಲಿರುವ ನಮ್ಮಂಥವರ ಮನೆಗಳಲ್ಲಿ ಕೂರುವ ಸಾಮಾನಿಗೇನೂ ಕೊರತೆಯಿಲ್ಲ. ಟಿವಿ ನೋಡಲು ಸೋಫಾ, ಊಟಕ್ಕೆ ಡೈನಿಂಗ್ ಟೇಬಲ್ಲಿನ ಕುರ್ಚಿಗಳು, ವರ್ಕ್ ಫ್ರಂ ಹೋಮ್‌ಗೆಂದು ಕೊಂಡ ಚಕ್ರದ ಕುರ್ಚಿ. ಪ್ರತಿಯೊಂದಕ್ಕೂ ಒಂದು ಕೆಲಸವಿದೆ. ಕೆಲಸವಿಲ್ಲದೆ ಕೂರಲು ಮಾತ್ರ ಏನೂ ಇಲ್ಲ. ಇದನ್ನು ನನಗೆ ತೋರಿಸಿಕೊಟ್ಟವರು ಅಪ್ಪ.

ಅಮ್ಮ ಹೋದ ಮೇಲೆ ಅವರನ್ನು ಧಾರವಾಡದಿಂದ ಕರೆತಂದೆವು. ಎರಡು ತಿಂಗಳಾದರೂ ಅವರ ಬಟ್ಟೆಗಳು ಬ್ಯಾಗಿನಿಂದ ಕಪಾಟಿಗೆ ಏರಲಿಲ್ಲ. ಸೋಫಾದ ತುದಿಯಲ್ಲಿ, ಬಸ್ಸಿಗೆ ಕಾಯುವವರ ಹಾಗೆ ಕೂರುತ್ತಿದ್ದರು. ನನ್ನ ಗಂಡ ಬಂದರೆ ಎದ್ದು ಜಾಗ ಬಿಡುತ್ತಿದ್ದರು. ಮಗಳ ಮನೆಯಲ್ಲಿ ಬಹಳ ದಿನ ನಿಲ್ಲಬಾರದೆಂಬ ಹಳೆಯ ಲೆಕ್ಕ ಅವರದು. ರಾತ್ರಿ ನಿದ್ದೆಯೂ ಇರಲಿಲ್ಲ.

ಧಾರವಾಡದ ಮನೆಯ ಮುಂದೆ ಕಟ್ಟೆ ಇತ್ತು. ಸಂಜೆ ಕಟ್ಟೆಯ ಮೇಲೆ ಕೂತವರನ್ನು ಯಾಕೆ ಕೂತಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಆರನೇ ಮಹಡಿಯಲ್ಲಿ ಕಟ್ಟೆ ಎಲ್ಲಿಂದ ತರುವುದು? "ಇಲ್ಲೆ ಕೂಡ್ಲಿಕ್ಕೆ ಜಾಗಾ ಭಾಳ ಅದ. ಸುಮ್ನ ಕೂಡ್ಲಿಕ್ಕೆ ಇಲ್ಲ ನೋಡವಾ" ಅಂದರು ಒಂದು ದಿನ.

ಆಮೇಲೊಂದು ಭಾನುವಾರ ಹಳೆಯ ಫರ್ನಿಚರ್ ಅಂಗಡಿಯೊಂದರಲ್ಲಿ ಅವರ ಕಣ್ಣಿಗೆ ತೂಗುಕುರ್ಚಿ ಬಿತ್ತು. ಸಾಗವಾನಿ ಕಟ್ಟಿಗೆ, ಬೆತ್ತದ ಹೆಣಿಗೆ. ಕೂತು ನಾಲ್ಕು ಸಲ ತೂಗಿ ನೋಡಿದರು. ನಾನು ದುಡ್ಡು ಕೊಡಲು ಫೋನ್ ತೆಗೆದರೆ ತಡೆದರು. "ನೀ ಕೊಡಬ್ಯಾಡ. ನಿನ್ನ ಮನ್ಯಾಗ ನಂದೂ ಒಂದು ಸಾಮಾನು ಇರ್ಲಿ." ಪೆನ್ಶನ್ನಿನ ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟರು.

ಈ ಕುರ್ಚಿಯಲ್ಲಿ ಸ್ಪ್ರಿಂಗ್ ಇಲ್ಲ, ಮೋಟಾರ್ ಇಲ್ಲ. ಕಾಲುಗಳ ಕೆಳಗೆ ಬಿಲ್ಲಿನಂತೆ ಬಾಗಿದ ಎರಡು ಪಟ್ಟಿಗಳು, ಅಷ್ಟೇ. ಆ ಬಿಲ್ಲನ್ನು ಪೂರ್ತಿ ವೃತ್ತವಾಗಿ ಬರೆದರೆ ಅದರ ಕೇಂದ್ರ ಎಲ್ಲಿ ಬರುತ್ತದೋ, ಕೂತವರ ಭಾರ ಅದಕ್ಕಿಂತ ಕೆಳಗೆ ಇರುತ್ತದೆ. ಹಾಗಾಗಿ ವಾಲಿದ್ದು ತಾನಾಗಿ ಮರಳುತ್ತದೆ. ದಬ್ಬಿದರೂ ಬೀಳದೆ ಎದ್ದು ನಿಲ್ಲುವ ತಂಜಾವೂರು ಗೊಂಬೆಯ ಗುಟ್ಟೂ ಇದೇ ಜಾತಿಯದು.

1860ರಲ್ಲಿ ವಿಯೆನ್ನಾದ ಥೋನೆಟ್ ಕಂಪನಿ ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಬಗ್ಗಿಸಿ ತನ್ನ ಮೊದಲ ತೂಗುಕುರ್ಚಿ ಮಾಡಿತು. ಬೆನ್ನುನೋವಿನ ಜಾನ್ ಕೆನಡಿಗೆ ವೈದ್ಯೆ ಜಾನೆಟ್ ಟ್ರಾವೆಲ್ ಹೇಳಿದ್ದೂ ತೂಗುಕುರ್ಚಿಯನ್ನೇ; ಅಧ್ಯಕ್ಷರಾದ ಮೇಲೆ ಅದು ಶ್ವೇತಭವನವನ್ನೂ ಸೇರಿತು. 2011ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಒಂದಿಷ್ಟು ಗಂಡಸರನ್ನು ಮಧ್ಯಾಹ್ನ 45 ನಿಮಿಷ ಮಲಗಿಸಿ ನೋಡಿದರು. ನಾಲ್ಕು ಸೆಕೆಂಡಿಗೊಮ್ಮೆ ಮೆಲ್ಲಗೆ ತೂಗುವ ಹಾಸಿಗೆಯಲ್ಲಿ ನಿದ್ದೆ ಬೇಗ ಹತ್ತಿತು, ಗಾಢವೂ ಆಯಿತು. ತೊಟ್ಟಿಲು ತೂಗಿದ ನಮ್ಮ ಅಜ್ಜಿಯರಿಗೆ ಇದೇನು ಹೊಸ ಸುದ್ದಿಯಲ್ಲ. ಅಪ್ಪನಿಗೂ ಮಧ್ಯಾಹ್ನದ ಜೊಂಪು ಮರಳಿ ಬಂದದ್ದು ಆ ಕುರ್ಚಿಯಲ್ಲೇ.

ಈಗ ಕಬ್ಬಿಣದ, ಪ್ಲಾಸ್ಟಿಕ್ಕಿನ ತೂಗುಕುರ್ಚಿಗಳೂ ಸಿಗುತ್ತವೆ. ಕಟ್ಟಿಗೆಯದು ಮಾತ್ರ ಪುಣೆಯ ಡಿಸೆಂಬರ್ ಚಳಿಯಲ್ಲೂ ಕೈಗೆ ತಣ್ಣಗೆ ಹತ್ತುವುದಿಲ್ಲ. ಬೆತ್ತ ಹರಿದರೆ ಮತ್ತೆ ಹೆಣೆಸಬಹುದು, ಕೀಲು ಸಡಿಲಾದರೆ ಬಡಿಗ ಬಿಗಿ ಮಾಡುತ್ತಾನೆ. ಮೂರು ವರ್ಷಕ್ಕೊಮ್ಮೆ ಲ್ಯಾಪ್‌ಟಾಪ್ ಬದಲಿಸುವ ನನಗೆ ಅದೊಂದು ಸಮಾಧಾನ. ಅದರಲ್ಲಿ ಕೂತು ಲ್ಯಾಪ್‌ಟಾಪ್ ನಡೆಸಲಂತೂ ಆಗುವುದಿಲ್ಲ, ಅಕ್ಷರಗಳೂ ತೂಗುತ್ತವೆ. ಕೊಳ್ಳುವವರಿಗೆ ಒಂದೆರಡು ಮಾತು: ನುಣುಪು ಟೈಲ್ಸ್ ಮೇಲೆ ಕುರ್ಚಿ ಜಾರುತ್ತದೆ, ಕೆಳಗೆ ದಪ್ಪ ಜಮಖಾನ ಹಾಸಿ. ಹಿಂದೆ ಗೋಡೆಗೆ ತಾಗದಷ್ಟು ಜಾಗ ಬಿಡಿ. ಚಿಕ್ಕ ಮಕ್ಕಳ ಬೆರಳು ಪಟ್ಟಿಯ ಕೆಳಗೆ ಸಿಗದಂತೆ ನೋಡಿಕೊಳ್ಳಿ.

ಬಾಲ್ಕನಿಯ ಬಾಗಿಲ ಬಳಿ ಅಪ್ಪ ಈಗ ಬೆನ್ನು ಪೂರ್ತಿ ಆನಿಸಿ ಕೂರುತ್ತಾರೆ. ಅಳಿಯ ಬಂದರೆ ಏಳುವುದಿಲ್ಲ. ತೂಗುತ್ತಲೇ "ಬರ್ರಿ, ಇವತ್ತು ಲಗೂನ ಬಂದ್ರಿ" ಎನ್ನುತ್ತಾರೆ. ಸುಮ್ಮನೆ ಕೂತರೆ ಅವರಿಗೆ ಸಂಕೋಚ. ತೂಗುತ್ತಿದ್ದರೆ ಏನೋ ಮಾಡುತ್ತಿರುವಂತೆ. ನಡುನಡುವೆ ಅದು ನಿಂತುಬಿಡುತ್ತದೆ. ಆಗ ಅಮ್ಮನ ನೆನಪಾಗಿರಬೇಕು ಅಂದುಕೊಳ್ಳುತ್ತೇನೆ, ಮಾತಾಡಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಕಿರ್ ಎಂಬ ಸದ್ದು ಮತ್ತೆ ಶುರುವಾಗುತ್ತದೆ.

ಮುಂದಿನ ತಿಂಗಳು ಅಮ್ಮನ ವರ್ಷಾಂತಿಕಕ್ಕೆ ಧಾರವಾಡಕ್ಕೆ ಹೋಗಬೇಕು. "ಕುರ್ಚಿನೂ ಒಯ್ಯೋಣೇನಪಾ?" ಎಂದು ಬೇಕಂತಲೇ ಕೇಳಿದೆ.

"ಯಾಕ? ಇಲ್ಲೇ ಇರ್ಲಿ. ತಿರುಗಿ ಬರೋದದಲ್ಲಾ" ಅಂದರು.