ಆನೆಗೊಂದಿ ದಂಡೆಯಲ್ಲಿ

ಗಂಗಾವತಿ ಕಡೆಯಿಂದ ಆನೆಗೊಂದಿಗೆ ಹೋದಾಗಲೆಲ್ಲ ಹೊಳೆದಂಡೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎದುರಿಗೆ ತಳವಾರಘಟ್ಟ, ನಡುವೆ ತುಂಗಭದ್ರೆ. ಇಲ್ಲಿ ಸೇತುವೆ ಬರುತ್ತದೆಂದು ಊರು ಕಾದದ್ದು ಎಷ್ಟು ವರ್ಷ! ಕೆಲಸ ಶುರುವಾಯಿತು, 1999ರಲ್ಲಿ ಯುನೆಸ್ಕೊ ಆಚೆದಂಡೆಯ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿತು, ಕೆಲಸ ನಿಂತಿತು. 2006ರಲ್ಲಿ ಹಂಪಿ ಆ ಪಟ್ಟಿಯಿಂದ ಹೊರಬಂತು. 2009ರ ಜನವರಿಯಲ್ಲಿ, ಮತ್ತೆ ಶುರುವಾದ ಕೆಲಸ ಇನ್ನೇನು ಮುಗಿಯಿತು ಎನ್ನುವಾಗ, ಸೇತುವೆಯೇ ಕುಸಿದು ಕೂಲಿಕಾರರು ಪ್ರಾಣ ಬಿಟ್ಟರು. ಆ ಬಡಜೀವಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮುಂದೆ ಕಡೆಬಾಗಿಲು–ಬುಕ್ಕಸಾಗರ ನಡುವೆ ಸೇತುವೆಯಾಯಿತು, ಒಳ್ಳೆಯದೇ.

ಈಗ ಇಲ್ಲೇ ಹತ್ತಿರದ ಅಂಜನಾದ್ರಿ ಬೆಟ್ಟದ ಅಭಿವೃದ್ಧಿಯ ಮಾತು. 2022ರ ರಾಜ್ಯ ಬಜೆಟ್‌ನಲ್ಲೇ 100 ಕೋಟಿ ರೂಪಾಯಿ ಘೋಷಣೆಯಾಗಿತ್ತು. ದೊಡ್ಡ ಯೋಜನೆ ಬರಲಿ, ನಾನೂ ಕಾಯುತ್ತೇನೆ. ಅದಕ್ಕೂ ಮೊದಲು, ಹೊಳೆಯಲ್ಲಿ ಮಿಂದ ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಮರೆ, ಮುದುಕರಿಗೆ ಜಾರದ ಮೆಟ್ಟಿಲು, ಇಷ್ಟು ಎಲ್ಲ ಕಡವಿನಲ್ಲೂ ಮಾಡಿಕೊಡಿ.